ಗೆರೆ ಅವರದು, ಹೊಗೆ ನನ್ನದು

ಲೇಸರ್ ಯಂತ್ರದ ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿಯುವುದು ಸುಟ್ಟ ಎಣ್ಣೆಯ ವಾಸನೆ. ಮೊದಲ ದಿನ ಏನೋ ಎಡವಟ್ಟಾಯಿತು ಅಂತ ಗಾಬರಿಬಿದ್ದು ಸ್ವಿಚ್ ಆರಿಸಿದ್ದೆ. ಆಮೇಲೆ ನೆನಪಾಯಿತು, ಅಚ್ಚಿನ ಚಿತ್ರಕ್ಕೆ ಅಂತ ಒಳಗೆ ಕೆತ್ತಲು ಇಟ್ಟಿದ್ದು ಲಿನೋಲಿಯಂ ಹಾಳೆ, ಅದರ ಜೀವವೇ ಎಣ್ಣೆ ಅಲ್ವಾ. ಹೆಸರಿನಲ್ಲೇ ಇದೆ: ಲ್ಯಾಟಿನ್‌ನಲ್ಲಿ ಲೀನಮ್ ಅಂದರೆ ಅಗಸೆ, ಓಲಿಯಮ್ ಅಂದರೆ ಎಣ್ಣೆ. ಗಟ್ಟಿಯಾಗಿಸಿದ ಅಗಸೆ ಎಣ್ಣೆಗೆ ರಾಳ, ಕಾರ್ಕ್ ಪುಡಿ, ಮರದ ಹುಡಿ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದರೆ ಲಿನೋಲಿಯಂ. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಇದನ್ನು ಮಾಡಿದ್ದು ನೆಲಕ್ಕೆ ಹಾಸಲು. ಚಿತ್ರಗಾರರ ಕೈಗೆ ಸಿಕ್ಕಿದ್ದು ಆಮೇಲೆ.

ಲಿನೋಕಟ್ ಗೊತ್ತಿಲ್ಲದವರಿಗೆ ಎರಡು ಮಾತು. ಲಿನೋಲಿಯಂ ಹಾಳೆಯಲ್ಲಿ (ನಮ್ಮ ಬಾಯಲ್ಲಿ ಬರೀ ಲಿನೋ) ಬಿಳಿ ಬೇಕಾದ ಕಡೆ ಉಳಿಯಿಂದ ಕೆತ್ತಿ ತೆಗೆಯುತ್ತೇವೆ. ಉಳಿದ ಮೇಲ್ಮೈಗೆ ರೋಲರ್‌ನಿಂದ ಮಸಿ ಹಚ್ಚಿ ಕಾಗದ ಒತ್ತಿದರೆ ಚಿತ್ರ. ರಬ್ಬರ್ ಸ್ಟ್ಯಾಂಪಿನ ಅಣ್ಣ ಅನ್ನಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಗಳ ಗಾಂಧೀಜಿ, ಕೈಯಲ್ಲಿ ಕೋಲು. ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಆ ಚಿತ್ರವನ್ನು ಎಲ್ಲಾದರೂ ನೋಡಿರುತ್ತೀರಿ. ಅದು ಲಿನೋಕಟ್.

ನಾನು ಹತ್ತು ವರ್ಷದಿಂದ ಲಿನೋ ಕೆತ್ತುತ್ತಿದ್ದೇನೆ. ದೂರದ ದೇಶದಲ್ಲಿರುವ ಗೆಳತಿಯೊಬ್ಬಳು ಚಿತ್ರ ಬಿಡಿಸುತ್ತಾಳೆ. ಉಳಿ ಹಿಡಿದವಳಲ್ಲ. "ನಾನು ಬರೀತೀನಿ, ನೀನು ಕೆತ್ತಿ ಅಚ್ಚು ಹಾಕು" ಅಂದಳು. ಟ್ರೇಸಿಂಗ್ ಕಾಗದದಲ್ಲಿ ಚಿತ್ರ ಕಳಿಸಿದಳು. ಕಾರ್ಬನ್ ಇಟ್ಟು ಲಿನೋ ಮೇಲೆ ಇಳಿಸಿಕೊಂಡು ಮೂರು ಸಂಜೆ ಕೂತು ಕೆತ್ತಿದೆ. ಅಚ್ಚಿನ ಫೋಟೋ ಕಳಿಸಿದಾಗ ಬಂದ ಉತ್ತರ ಇಷ್ಟು: "ಚೆನ್ನಾಗಿದೆ. ಆದ್ರೆ ಇದು ನಿನ್ನ ಗೆರೆ ಕಣೋ."

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವಳ ಗೆರೆ ಕೊನೆಗೆ ಬರುವಾಗ ಸ್ವಲ್ಪ ನಡುಗಿ, ಸಣ್ಣಗಾಗಿ ನಿಲ್ಲುತ್ತದೆ. ನನ್ನದು ಜಾರಿಕೊಂಡು ಹೋಗಿ ಚೂಪಾಗಿ ಮುಗಿಯುತ್ತದೆ. ಉಳಿ ಮುಂದಕ್ಕೆ ತಳ್ಳುವ ಕೈಗೆ ಅದೇ ರೂಢಿ. ತಪ್ಪು ಅಂತಲ್ಲ, ಆದರೆ ಅವಳದಲ್ಲ.

ಇದು ಹಳೇ ಜಗಳ. ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ಬಿಡಿಸುವವರು ಒಬ್ಬರು, ಕೆತ್ತುವವರು ಇನ್ನೊಬ್ಬರು, ಅಚ್ಚು ಹಾಕುವವರು ಮತ್ತೊಬ್ಬರು. ಅಲ್ಲಿನ ಚಿತ್ರಗಾರ ಹೊಕುಸಾಯ್‌ನ ಹೆಸರಾಂತ ದೊಡ್ಡ ಅಲೆಯ ಚಿತ್ರವನ್ನು ಮರದಲ್ಲಿ ಕೆತ್ತಿದ್ದು ಹೊಕುಸಾಯ್ ಅಲ್ಲ. ಕೆತ್ತುವವರು ಮೂಗು, ಕಣ್ಣುಗಳನ್ನು ತಮ್ಮ ರೂಢಿಯಂತೆ ಕೆತ್ತಿಬಿಡುತ್ತಾರೆ ಎಂದು ಅವನು ಪ್ರಕಾಶಕರಿಗೆ ಕಾಗದ ಬರೆದು ದೂರಿದ್ದಾನೆ. ಗೆಳತಿ ನನ್ನನ್ನು ಒಳ್ಳೆ ಸಾಲಿನಲ್ಲೇ ನಿಲ್ಲಿಸಿದ್ದಾಳೆ ಅಂತ ಸಮಾಧಾನ ಮಾಡಿಕೊಂಡೆ.

ಅಷ್ಟರಲ್ಲಿ ಮಣಿಕಟ್ಟೇ ಕೈಕೊಟ್ಟಿತು. ಅರ್ಧ ಗಂಟೆ ಉಳಿ ಹಿಡಿದರೆ ಬೆರಳು ಜೋಮು. ನಾವು ನಾಲ್ಕೈದು ಜನ ಸೇರಿ ಬಳಸುವ ಕಾರ್ಯಾಗಾರದಲ್ಲಿ 40 ವಾಟ್‌ನ ಸಿಒ2 ಲೇಸರ್ ಯಂತ್ರ ಇತ್ತು. ಪ್ಲೈವುಡ್ ಕತ್ತರಿಸಲು ಬಳಸುತ್ತಿದ್ದೆವು. ನನಗೆ ಹೊಳೆದದ್ದು ಆಗ: ನಡುವೆ ನನ್ನ ಕೈಯೇ ಬೇಡ. ಅವಳು ಫೈಲ್ ಕಳಿಸಲಿ, ಬೆಳಕು ಕೆತ್ತಲಿ. ಅವಳ ಗೆರೆ ಅವಳದೇ ಆಗಿ ಬರುತ್ತದೆ. ನಾನು ಮಸಿ ಹಚ್ಚುವ ಆಳು ಅಷ್ಟೇ.

ಎಷ್ಟು ತಪ್ಪು ಲೆಕ್ಕ ಅಂತ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು.

ಮೊದಲ ಪಾಠ ಹಾಳೆಯದು. ಕೆತ್ತಲು ಸುಲಭ ಎಂದು ಮಾರುವ ಮೆತ್ತನೆಯ ಹಾಳೆಗಳು ಸಿಗುತ್ತವೆ. ಹೆಸರು ಲಿನೋ ಅಂತಲೇ ಇದ್ದರೂ ಎಷ್ಟೋ ಸಲ ಅದು ಲಿನೋಲಿಯಂ ಅಲ್ಲ, ಒಂಥರಾ ಪ್ಲಾಸ್ಟಿಕ್. ಅದರಲ್ಲಿ ಪಿವಿಸಿ ಇದ್ದರೆ ಲೇಸರ್ ಬಿದ್ದಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಅದು ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಕಬ್ಬಿಣಕ್ಕೂ ಕೆಟ್ಟದ್ದು. ಕಂಡುಹಿಡಿಯಲು ಒಂದು ಹಳೇ ಉಪಾಯ ಇದೆ. ತಾಮ್ರದ ತಂತಿಯ ತುದಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಾಳೆಗೆ ಮುಟ್ಟಿಸಿ, ಮೆತ್ತಿಕೊಂಡ ಚೂರನ್ನು ಮತ್ತೆ ಬೆಂಕಿಗೆ ಹಿಡಿಯಬೇಕು. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ ಅಂತ. ಬಯಲಲ್ಲಿ ನಿಂತು, ಗಾಳಿಗೆ ಬೆನ್ನು ಕೊಟ್ಟು ಮಾಡಿದೆ. ನನ್ನ ಹತ್ತಿರ ಇದ್ದ ಬೂದು ಹಾಳೆ ಚೆಂದದ ಹಸಿರು ತೋರಿಸಿತು. ಆ ಕಟ್ಟನ್ನು ಹಾಗೇ ಎತ್ತಿ ಪಕ್ಕಕ್ಕಿಟ್ಟೆ, ಉಳಿಯಿಂದ ಕೆತ್ತುವವರಿಗೆ ಆದೀತು. ಹಿಂಭಾಗದಲ್ಲಿ ಸೆಣಬಿನ ನೇಯ್ಗೆ ಕಾಣುವ, 3.2 ಮಿಲಿಮೀಟರ್ ದಪ್ಪದ ಅಸಲಿ ಲಿನೋವನ್ನೇ ತರಿಸಿದೆ.

ಎರಡನೆಯದು ಆಳ. ತುಂಡು ಲಿನೋ ಮೇಲೆ ಹದಿನೈದು ಮಿಲಿಮೀಟರಿನ ಚೌಕಗಳನ್ನು ಸಾಲಾಗಿ ಸುಟ್ಟೆ, ಒಂದೊಂದಕ್ಕೂ ಬೇರೆ ವೇಗ, ಬೇರೆ ಶಕ್ತಿ. ತುಂಬಾ ಮೆಲ್ಲಗೆ ಹೋದರೆ ಲಿನೋ ಕರಗಿ ಡಾಂಬರಿನಂತೆ ಅಂಟಂಟಾಗುತ್ತದೆ. ಜೋರಾಗಿ ಹೋದರೆ ಸುಮ್ನೆ ಬಣ್ಣ ಬದಲಾಗುತ್ತದೆ ಅಷ್ಟೇ. ಒಂದು ಚೌಕದಲ್ಲಂತೂ ಸೆಣಬಿನ ನೂಲೇ ಹಲ್ಲು ಕಿರಿಯಿತು. ಕೊನೆಗೆ ಸೆಕೆಂಡಿಗೆ 150 ಮಿಲಿಮೀಟರ್ ವೇಗದಲ್ಲಿ ಎರಡು ಸುತ್ತು, ಆಳ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಂತ ಗೊತ್ತು ಮಾಡಿಕೊಂಡೆ. ಇದು ನನ್ನ ಯಂತ್ರದ ಲೆಕ್ಕ. ನಿಮ್ಮದು ಬೇರೆ ಇರುತ್ತದೆ, ಚೌಕ ಸುಟ್ಟು ನೋಡದೆ ದಾರಿಯಿಲ್ಲ.

ಲೇಸರ್ ಅಂದರೆ ಕ್ಷಣದಲ್ಲಿ ಆಗುತ್ತೆ ಅಂದುಕೊಂಡವರಿಗೆ ಒಂದು ಲೆಕ್ಕ ಕೊಡುತ್ತೇನೆ. ಎ5 ಅಂದರೆ 148 ಗುಣಿಸು 210 ಮಿಲಿಮೀಟರ್. ಲೇಸರ್ ತಲೆ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹಾಗೆ ಆ ಕಡೆ ಈ ಕಡೆ ಓಡಾಡುತ್ತದೆ. ಸಾಲಿನಿಂದ ಸಾಲಿಗೆ 0.1 ಮಿಲಿಮೀಟರ್ ಅಂತರ ಇಟ್ಟರೆ 2100 ಸಾಲು. ಒಂದೊಂದಕ್ಕೆ ಸೆಕೆಂಡಿಗಿಂತ ತುಸು ಹೆಚ್ಚು. ಒಂದು ಸುತ್ತಿಗೆ 40 ನಿಮಿಷ ದಾಟುತ್ತದೆ. ಎರಡು ಸುತ್ತು ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳುವಂತಿಲ್ಲ. ಒಳಗೆ ಸುಡುತ್ತಿರುವುದು ಎಣ್ಣೆ ಮತ್ತು ಕಾರ್ಕ್. ಗಾಳಿ ಊದುವ ಕೊಳವೆ ಕಟ್ಟಿಕೊಂಡರೆ ಬೆಂಕಿ ಹತ್ತಲು ಹೊತ್ತು ಬೇಕಿಲ್ಲ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಹೊಗೆ ಎಳೆಯುವ ಫ್ಯಾನಿನ ಗುಂಯ್ ಸದ್ದು, ನಾನು. ಉಳಿ ಹಿಡಿದಿದ್ದರೆ ಕೊನೇಪಕ್ಷ ರೇಡಿಯೋ ಕೇಳಬಹುದಿತ್ತು.

ಇನ್ನೊಂದು ವಿಷಯ, ಲಿನೋ ಸುರುಳಿ ಬಿಚ್ಚಿದರೂ ಮೂಲೆ ಎತ್ತಿಕೊಂಡೇ ಇರುತ್ತದೆ. ಮೂಲೆ ಎರಡು ಮಿಲಿಮೀಟರ್ ಎದ್ದರೂ ಫೋಕಸ್ ತಪ್ಪಿ ಅಲ್ಲಿ ಗೆರೆ ಮಬ್ಬು. ಸ್ವಲ್ಪ ಬೆಚ್ಚಗೆ ಮಾಡಿ, ಹಲಗೆಗೆ ಡಬಲ್ ಟೇಪಿನಿಂದ ಅಂಟಿಸಿಕೊಂಡ ಮೇಲೆ ಆ ಕಾಟ ತಪ್ಪಿತು.

ಇಷ್ಟೆಲ್ಲ ಸಿದ್ಧ ಮಾಡಿಕೊಂಡು ಗೆಳತಿಗೆ "ಕಳಿಸು" ಅಂದೆ. ಕಳಿಸಿದಳು. ಮಳೆಯಲ್ಲಿ ನಿಂತ ಮರ. ಶಾಯಿಗೆ ನೀರು ಬೆರೆಸಿ ಕುಂಚದಲ್ಲಿ ಬಳಿದ ಚಿತ್ರ. ಕಪ್ಪಿನಿಂದ ಬಿಳಿಗೆ ನಡುವೆ ನೂರು ಬಗೆಯ ಬೂದು. ಚಿತ್ರ ಚೆನ್ನಾಗಿತ್ತು. ಆದರೆ ಲಿನೋದಲ್ಲಿ ಬೂದು ಅನ್ನುವುದೇ ಇಲ್ಲ. ಮೇಲ್ಮೈ ಇದೆ ಅಥವಾ ಇಲ್ಲ. ಮಸಿ ಹತ್ತುತ್ತದೆ ಅಥವಾ ಹತ್ತುವುದಿಲ್ಲ.

ಕಂಪ್ಯೂಟರಿನಲ್ಲಿ ಇದಕ್ಕೆ ಒಂದು ಜಾರುಗುಂಡಿ ಇದೆ. ಕಪ್ಪಿಗೆ 0, ಬಿಳಿಗೆ 255. ಎಲ್ಲಿ ಗೆರೆ ಎಳೆಯುತ್ತೀರೋ ಅದಕ್ಕಿಂತ ಕಡಿಮೆ ಇದ್ದದ್ದೆಲ್ಲ ಕಪ್ಪು, ಮೇಲಿದ್ದದ್ದೆಲ್ಲ ಬಿಳಿ. ನಾನು ನಡುವಿನ 128ಕ್ಕೆ ಇಟ್ಟೆ. ಮರ ಉಳಿಯಿತು, ಮಳೆ ಹೋಯಿತು. 190ಕ್ಕೆ ತಳ್ಳಿದೆ. ಮಳೆ ಬಂತು, ಮರ ಕಪ್ಪು ಮುದ್ದೆಯಾಯಿತು. ಬೂದನ್ನು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆಯುವ ದಾರಿಯೂ ಇದೆ, ಪತ್ರಿಕೆಯ ಫೋಟೋಗಳಲ್ಲಿ ನೋಡಿರುತ್ತೀರಿ. ಅದನ್ನೂ ಒಂದು ತುಂಡಿನ ಮೇಲೆ ಸುಟ್ಟೆ. ಚುಕ್ಕಿಗಳು ನಿಲ್ಲಲಾರದೆ ಉದುರಿ, ಹಾಳೆ ಸ್ಯಾಂಡ್‌ಪೇಪರ್ ಆಯಿತು.

ಅಲ್ಲಿ ಕೂತು ಗುಂಡಿ ಆಚೆ ಈಚೆ ಜಾರಿಸುತ್ತಿರುವಾಗ ತಲೆಗೆ ಹೊಳೆಯಿತು: ನನ್ನ ಕೈ ಎಲ್ಲಿ ತಪ್ಪಿತು? ಮೊದಲು ಉಳಿ ಹಿಡಿದಿತ್ತು, ಈಗ ಮೌಸ್ ಹಿಡಿದಿದೆ. ಎಲ್ಲಿ ಕಪ್ಪು ಎಲ್ಲಿ ಬಿಳಿ ಅಂತ ಈಗಲೂ ನಾನೇ ತೀರ್ಮಾನ ಮಾಡುತ್ತಿದ್ದೇನೆ. ಹೋಗಲಿ, ಕೆತ್ತುವಾಗ ಕನಿಷ್ಠ ಗೆರೆಗೊಂದು ತೀರ್ಮಾನ ಇತ್ತು. ಈಗ ಇಡೀ ಮರಕ್ಕೆ ಒಂದೇ ಅಂಕಿ.

ಮೂರು ಬೇರೆ ಬೇರೆ ಅಂಕಿಯ ಚಿತ್ರಗಳನ್ನು ಅವಳಿಗೇ ಕಳಿಸಿ ಆರಿಸು ಅಂದೆ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ಹೊಸ ಚಿತ್ರವೇ ಬಂತು. ಕಪ್ಪು ಕಾಗದದ ಮೇಲೆ ಬಿಳಿ ಪೆನ್ನಿನಲ್ಲಿ ಮಳೆ. "ಮೂರೂ ಚೆನ್ನಾಗಿಲ್ಲ. ಬಿಳಿಯನ್ನೇ ಬರೆದುಬಿಟ್ಟೆ, ಈಗ ನೀನು ಯೋಚನೆ ಮಾಡೋದು ಏನೂ ಇಲ್ಲ" ಎಂದು ಬರೆದಿದ್ದಳು. ಲಿನೋ ಮಾಡುವವರು ಕಲಿಯಲು ತಿಂಗಳುಗಟ್ಟಲೆ ಒದ್ದಾಡುವ ಸಂಗತಿ ಅದು, ಕಪ್ಪಿನಿಂದ ಬಿಳಿಯನ್ನು ತೆಗೆಯುವುದು. ಉಳಿ ಮುಟ್ಟದೆ ಕಲಿತಳು.

ಯೋಚನೆ ಮಾಡೋದು ಏನೂ ಇಲ್ಲ ಅಂದಳಲ್ಲ, ಸ್ಕ್ಯಾನರ್ ಗಾಜಿನ ಧೂಳು ಬಂದೇ ಬಂತು. ಕೈಯಿಂದ ಕೆತ್ತುವವನು ಧೂಳಿನ ಚುಕ್ಕಿಯನ್ನು ನೋಡಿ ನಕ್ಕು ಬಿಡುತ್ತಾನೆ. ಲೇಸರ್‌ಗೆ ಧೂಳೂ ಒಂದೇ, ಮಳೆಯೂ ಒಂದೇ. ಎಲ್ಲವನ್ನೂ ಅಷ್ಟೇ ಶ್ರದ್ಧೆಯಿಂದ ಕೆತ್ತುತ್ತದೆ. ಈಗ ಫೈಲ್ ಬಂದರೆ ಮೊದಲು ನಾಲ್ಕು ಪಟ್ಟು ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ಹುಡುಕುತ್ತೇನೆ. ಅನುಮಾನ ಬಂದ ಚುಕ್ಕಿಗೆ ಸುತ್ತು ಹಾಕಿ ಕೇಳುತ್ತೇನೆ: ಇದು ನಿನ್ನದಾ, ಧೂಳಾ? ಒಮ್ಮೆ ಅವಳು "ಅದು ಹಕ್ಕಿ" ಎಂದು ಸಿಟ್ಟಾದಳು.

ಸುಟ್ಟ ಲಿನೋ ತೊಳೆಯುವುದು ಒಂದು ದೊಡ್ಡ ಕೆಲಸ. ತಗ್ಗಿನಲ್ಲಿ ಕಂದು ಬಣ್ಣದ ಮಸಿಹುಡಿ, ಕೈಗೆ ಅಂಟುವ ಜಿಡ್ಡು. ಮೇಲ್ಮೈ ಕಾಪಾಡಲು ಕಾಗದದ ಟೇಪ್ ಹಚ್ಚಿ ಸುಡಿ ಅಂತ ಯಾರೋ ಹೇಳಿದ್ದರು. ಸುಟ್ಟೆ. ಆಮೇಲೆ ಪ್ರತಿ ಮಳೆಹನಿಯ ಅಕ್ಕಪಕ್ಕ ಉಳಿದ ಟೇಪಿನ ಚೂರನ್ನು ಚಿಮಟದಿಂದ ಕೀಳುತ್ತ ಎರಡು ಗಂಟೆ ಹೋಯಿತು. ಆ ಸಹವಾಸ ಸಾಕು ಅಂತ ಬಿಟ್ಟೆ. ಈಗ ಹಳೇ ಹಲ್ಲುಜ್ಜುವ ಬ್ರಷ್, ಸೋಪು ನೀರು. ಮೊದಲ ಎರಡು ಅಚ್ಚುಗಳನ್ನು ಹಳೇ ಪತ್ರಿಕೆಯ ಮೇಲೆ ಹಾಕಿದರೆ ಉಳಿದ ಜಿಡ್ಡೂ ಎದ್ದುಬರುತ್ತದೆ.

ಮಸಿ ಹಚ್ಚುವಾಗ ನನಗೆ ಮತ್ತೆ ಪರಿಚಿತ ಊರು ಸೇರಿದ ಹಾಗೆ. ಗಾಜಿನ ಮೇಲೆ ಮಸಿ ಹರಡಿ ರೋಲರ್ ಓಡಿಸುತ್ತ ಕಿವಿ ಕೊಡಬೇಕು. ಜಾಸ್ತಿ ಇದ್ದರೆ ಪಚಪಚ ಸದ್ದು. ಹದಕ್ಕೆ ಬಂದಾಗ ರೇಷ್ಮೆ ಸೀರೆ ಸರಿದಾಡಿದ ಹಾಗೆ ಸಣ್ಣಗೆ ಸರ್ ಸರ್ ಅನ್ನುತ್ತದೆ. ಆಗ ಲಿನೋಗೆ ಹಚ್ಚಿ, ಕಾಗದ ಇಟ್ಟು, ಮರದ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಉಜ್ಜಬೇಕು. ಒಂದು ಮೂಲೆ ಎತ್ತಿ ಇಣುಕಿ, ಸಾಲದಿದ್ದರೆ ಮತ್ತೆ ಉಜ್ಜಬೇಕು.

ಮೊದಲ ಸರಿಯಾದ ಅಚ್ಚಿನಲ್ಲಿ ಬುಡದ ಬಿಳಿ ಬಯಲಿನಲ್ಲಿ ಕಪ್ಪು ಗೀರುಗಳು ಬಂದವು. ಅಗಲದ ಜಾಗದಲ್ಲಿ ರೋಲರ್ ತಗ್ಗಿ ತಳಕ್ಕೂ ಮಸಿ ಬಳಿಯುತ್ತದೆ, ಒಂದು ಮಿಲಿಮೀಟರ್ ಆಳ ಅಲ್ಲಿಗೆ ಸಾಲದು. ಅಗಲ ಉಳಿ ತಗೊಂಡು ಅಷ್ಟು ಜಾಗವನ್ನು ಕೈಯಿಂದಲೇ ಆಳ ಮಾಡಿದೆ. ಉಳಿಯ ಏಣುಗಳು ಅಲ್ಲಲ್ಲಿ ಅಚ್ಚಾದವು, ಲಿನೋಕಟ್‌ನಲ್ಲಿ ಎಲ್ಲರೂ ಮೆಚ್ಚುವ ಆ ಗೀರುಗಳು. ನೋಡಿ ನನಗೆ ಒಳಗೊಳಗೇ ಖುಷಿ. ಗೆಳತಿಯ ಉತ್ತರ: "ಅದು ನಾನು ಬರೆದಿಲ್ಲ. ತೆಗಿ." ತೆಗೆದೆ. ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಹಾಗಾದರೆ ಇದನ್ನು ಲಿನೋಕಟ್ ಅನ್ನಬಹುದಾ? ಕೇಳುವವರು ಕೇಳಿದ್ದಾರೆ. ಉಳಿ ಹಿಡಿದು ಬೆರಳು ಕೊಯ್ದುಕೊಂಡವರಿಗೆ ಸಿಟ್ಟು ಬರುವುದು ಸಹಜ. ನನಗನಿಸುವುದು, ನಾನು ಮಾಡುತ್ತಿರುವುದು ಹಳೇ ಕಾಲದ ಬ್ಲಾಕ್ ಮಾಡುವ ಕೆಲಸಕ್ಕೆ ಹತ್ತಿರ. ಅಕ್ಷರದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ದಿನಗಳಲ್ಲಿ ಪತ್ರಿಕೆಯ ಗೆರೆಚಿತ್ರವನ್ನು ಕ್ಯಾಮೆರಾದಿಂದ ಸತುವಿನ ತಗಡಿಗೆ ಇಳಿಸಿ, ಬೇಡದ ಭಾಗವನ್ನು ಆಮ್ಲದಲ್ಲಿ ತಿನ್ನಿಸಿ ತೆಗೆಯುತ್ತಿದ್ದರು. ಅಲ್ಲಿ ಆಮ್ಲ, ಇಲ್ಲಿ ಬೆಳಕು. ಹಾಗಾಗಿ ಅಚ್ಚಿನ ಜೊತೆ ಇಡುವ ಚೀಟಿಯಲ್ಲಿ "ಲೇಸರ್‌ನಿಂದ ಕೆತ್ತಿದ ಲಿನೋ" ಎಂದೇ ಬರೆಯುತ್ತೇನೆ. ಮುಚ್ಚಿಡುವುದು ಏನಿದೆ?

ಇಷ್ಟು ಧೈರ್ಯ ಬಂದ ಮೇಲೆ ಇನ್ನೊಬ್ಬರನ್ನು ಕೇಳಿದೆ. ವಯಸ್ಸಾದ ಕಲಾವಿದರು, ಐವತ್ತು ವರ್ಷ ಅಚ್ಚಿನ ಕೆಲಸ ಮಾಡಿದವರು. ಈಗ ಕೈ ನಡುಗುತ್ತದೆ, ಉಳಿ ಹಿಡಿಯಲಾರರು, ಪೆನ್ನು ಹಿಡಿಯುತ್ತಾರೆ. ಅವರಿರುವುದೂ ಸಮುದ್ರದಾಚೆ. "ಸರ್, ಒಂದು ಚಿತ್ರ ಕಳಿಸ್ತೀರಾ?" ಅಂದೆ. ಮುದುಕಿಯೊಬ್ಬಳು ಕಿಟಕಿಯ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿರುವ ಚಿತ್ರ ಬಂತು. ಕೆಳಗೆ ಅವರ ಸಹಿ.

ಅಚ್ಚಿನಲ್ಲಿ ಚಿತ್ರ ತಿರುವುಮುರುವಾಗುತ್ತದೆ, ಅದಕ್ಕೆ ಕೆತ್ತುವ ಮೊದಲೇ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಬೇಕು. ಜಪಾನಿನವರು ತೆಳು ಕಾಗದದ ಚಿತ್ರವನ್ನು ಬೋರಲಾಗಿ ಮರಕ್ಕೆ ಅಂಟಿಸಿ, ಕಾಗದದ ಸಮೇತ ಕೆತ್ತಿಬಿಡುತ್ತಿದ್ದರು. ತಿರುಗಿಸುವ ಚಿಂತೆಯೇ ಇಲ್ಲ. ನಾನು ಒಂದು ಬಟನ್ ಒತ್ತಿ ತಿರುಗಿಸಿದೆ. ಒಂದೂವರೆ ಗಂಟೆ ಸುಟ್ಟು, ತೊಳೆದು, ಮಸಿ ಹಚ್ಚಿ ಕಾಗದ ಎತ್ತಿದರೆ ಸಹಿ ಉಲ್ಟಾ. ಮುದುಕಿ ಎಡಚಿ ಆಗಿದ್ದಾಳೆ. ಐವತ್ತು ವರ್ಷದ ಅಭ್ಯಾಸ, ಅವರು ತಿರುಗಿಸಿಯೇ ಕಳಿಸಿದ್ದರು. ಸಹಿಯನ್ನಾದರೂ ನಾನು ಓದಬೇಕಿತ್ತು. ಪರದೆಯ ಮೇಲೆ ದಿನವಿಡೀ ಉಲ್ಟಾ ಚಿತ್ರ ನೋಡುವವನಿಗೆ ಉಲ್ಟಾ ಯಾವುದು, ಸುಲ್ಟಾ ಯಾವುದು ಅನ್ನುವುದೇ ಮರೆತುಹೋಗುತ್ತದೆ. ಆ ಲಿನೋ ದಂಡ. ಅಂದಿನಿಂದ ಎಲ್ಲರಿಗೂ ಒಂದೇ ಮಾತು: ಕಾಗದದ ಮೇಲೆ ಹೇಗೆ ಕಾಣಬೇಕೋ ಹಾಗೆ ಕಳಿಸಿ, ಅಂಚಿನಲ್ಲಿ ಒಂದು "ಅ" ಬರೆದಿರಿ. ಸೊನ್ನೆ ಮಾತ್ರ ಬರೆಯಬೇಡಿ.

ಎರಡನೇ ಸಲ ಇನ್ನೊಂದು ತೊಂದರೆ. ಅವರ ಪೆನ್ನಿನ ಗೆರೆ ಕೂದಲಿನಷ್ಟು ಸಣ್ಣ. 0.2 ಮಿಲಿಮೀಟರಿನ ಗೆರೆಯ ಎರಡೂ ಬದಿಯನ್ನು ಲೇಸರ್ ಒಂದು ಚೂರು ತಿನ್ನುತ್ತದೆ, ಕಾವಿಗೆ ಬುಡವೂ ಸಡಿಲವಾಗುತ್ತದೆ. ತೆಳು ಗೋಡೆಯ ಹಾಗೆ ನಿಂತಿರುವ ಆ ಗೆರೆ ಬ್ರಷ್ ತಾಗಿದರೆ ಸಾಕು, ಉದುರುತ್ತದೆ. ರಬ್ಬರ್ ಸ್ಟ್ಯಾಂಪ್ ಕೆತ್ತುವವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಗೆರೆಯ ಬದಿ ನೆಟ್ಟಗೆ ಇಳಿಯದೆ ಇಳಿಜಾರಾಗಿ ಇಳಿಯುವಂತೆ ಸಾಫ್ಟ್‌ವೇರಿನಲ್ಲಿ ಹೇಳಬಹುದು. ಗೋಡೆಯ ಬದಲು ದಿಬ್ಬ. ಹಾಗೆ ಮಾಡಿದೆ, ಎಲ್ಲ ಗೆರೆಯನ್ನೂ ಒಂದೆಳೆ ದಪ್ಪ ಮಾಡಿದೆ, ಮೆತ್ತನೆಯ ಬ್ರಷ್ ತಗೊಂಡೆ. ಮುದುಕಿಯ ಮುಖದ ಸುಕ್ಕುಗಳೆಲ್ಲ ಉಳಿದವು.

ಅಚ್ಚಿನ ಫೋಟೋ ಕಳಿಸಿದೆ. "ಚೆನ್ನಾಗಿ ಬಂದಿದೆಯಪ್ಪಾ, ಹಾಕು" ಎಂದು ಒಪ್ಪಿಗೆ ಕೊಟ್ಟರು. 20 ಹಾಕಿದೆ, ನನಗೆ ಅಂತ 21ನೆಯದು ಒಂದು. ವಾರ ಪೂರ್ತಿ ಒಣಗಲು ಬಿಟ್ಟು, ನಡುವೆ ತೆಳು ಕಾಗದ ಇಟ್ಟು, ಎರಡು ಗಟ್ಟಿ ರಟ್ಟಿನ ನಡುವೆ ಕಟ್ಟಿ ಸಹಿಗೆ ಕಳಿಸಿದೆ. ಅಚ್ಚಿನ ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ 1/20, 2/20 ಎಂದು ಸಂಖ್ಯೆ, ಪಕ್ಕಕ್ಕೆ ಸಹಿ ಹಾಕುವುದು ಪದ್ಧತಿ. ಲಿನೋದಲ್ಲಿ ಕೆತ್ತಿದ ಸಹಿ ಲೆಕ್ಕಕ್ಕಿಲ್ಲ.

ಕಟ್ಟು ವಾಪಸ್ ಬರಲು ತಿಂಗಳಾಯಿತು. ಬಿಚ್ಚಿದೆ. ಇಪ್ಪತ್ತಕ್ಕೂ ಸಂಖ್ಯೆ, ಸಹಿ. ಮೇಲಿನದರ ಜೊತೆ ಒಂದು ಚೀಟಿ: "ಫೋಟೋದಲ್ಲಿ ನನಗೂ ಕಾಣಲಿಲ್ಲ. ಒಂದು ಗೆರೆ ಬಿಟ್ಟುಹೋಗಿತ್ತು, ಹಾಕಿದ್ದೇನೆ."

ಎಲ್ಲಿ ಅಂತ ಹುಡುಕಿದೆ. ಮುಖದಲ್ಲಿ ಇಲ್ಲ, ಕಿಟಕಿಯಲ್ಲಿ ಇಲ್ಲ. ಭೂತಕನ್ನಡಿ ಹಿಡಿದಾಗ ಸಿಕ್ಕಿತು. ಸೂಜಿಯ ಕಣ್ಣಿನಿಂದ ಆಚೆಗೆ, ನಾಲ್ಕು ಮಿಲಿಮೀಟರಿನ ದಾರದ ತುದಿ. ಪೆನ್ನಿನಲ್ಲಿ ಎಳೆದದ್ದು, ಇಪ್ಪತ್ತರಲ್ಲೂ, ಒಂದೊಂದರಲ್ಲಿ ಒಂದೊಂದು ನಡುಕ. ಅವರ ಫೈಲ್ ತೆಗೆದು ನೋಡಿದೆ. ಇತ್ತು. ಸುಟ್ಟಾಗ ಹೋಯಿತೋ, ತೊಳೆದಾಗ ಹೋಯಿತೋ ಗೊತ್ತಿಲ್ಲ. ಸೂಜಿಯ ಈಚೆಗಿನ ದಾರ ಸರಿಯಾಗಿ ಬಂದಿದ್ದರಿಂದ ನನ್ನ ಕಣ್ಣು ಅಲ್ಲಿಗೇ ತೃಪ್ತಿಪಟ್ಟಿತ್ತು. ಅವರು ಬರೆದದ್ದು ದಾರ ಪೋಣಿಸಿ ಆಗಿಹೋದ ಕ್ಷಣ.

21ನೆಯದು ನನ್ನ ಮೇಜಿನ ಮುಂದಿನ ಗೋಡೆಯ ಮೇಲಿದೆ. ಅದರಲ್ಲಿ ಅವಳು ಇನ್ನೂ ಪೋಣಿಸುತ್ತಲೇ ಇದ್ದಾಳೆ.